ಹಳೆ 12 ವೋಲ್ಟ್ ಡ್ರಿಲ್‌ಗೆ ಲಿಥಿಯಂ ಬ್ಯಾಟರಿ ಕೂರಿಸಿದ್ದು

ಹಳೆಯ ಕಾರ್ಡ್‌ಲೆಸ್ ಡ್ರಿಲ್‌ಗಳಲ್ಲಿ ಮೊದಲು ಸಾಯುವುದು ಬ್ಯಾಟರಿ. ಮೋಟರ್, ಗೇರ್, ಚಕ್ ಎಲ್ಲ ಸರಿ ಇರುತ್ತವೆ. ಆದರೆ ಆ ಪ್ಯಾಕ್ ಈಗ ಯಾರೂ ಮಾಡುವುದಿಲ್ಲ. ಅಂಗಡಿಯ ಮೂಲೆಯಲ್ಲಿ ಒಂದು ಸಿಕ್ಕಿದರೂ, ಕೂತು ಕೂತೇ ಅರ್ಧ ಸತ್ತಿರುತ್ತದೆ. ನಮ್ಮ ಪಕ್ಕದ ಊರಿನ ಆಚಾರ್ರ ಡ್ರಿಲ್ ಕಥೆಯೂ ಇದೇ. ಅವರ ತಮ್ಮ ಗಲ್ಫ್‌ನಿಂದ ಬರುವಾಗ ತಂದುಕೊಟ್ಟಿದ್ದು. ಎರಡು ಬ್ಯಾಟರಿಯಲ್ಲಿ ಒಂದು ಪೂರ್ತಿ ಹೋಗಿತ್ತು. ಇನ್ನೊಂದು ಚಾರ್ಜ್ ಮಾಡಿದ ಮೇಲೂ ನಾಲ್ಕು ಸ್ಕ್ರೂ ಬಿಗಿಯುವಷ್ಟರಲ್ಲಿ ಸುಸ್ತು.

"ಈಗ ಎಲ್ಲ ಲಿಥಿಯಂ ಅಂತಾರಲ್ಲ ಮಾರಾಯ್ರೇ, ಅದನ್ನ ಇದಕ್ಕೆ ಹಾಕಕ್ಕೆ ಆಗ್ತದಾ ನೋಡಿ" ಅಂದರು. ಮಲೆನಾಡಿನ ಮಳೆಗಾಲ ಅಂದ್ರೆ ಕರೆಂಟಿನ ಭರವಸೆ ಇಲ್ಲ. ಅಡಿಕೆ ಚಪ್ಪರದ ಮೇಲೆ ಹತ್ತಿ ತಗಡು ಬಿಗಿಯುವಾಗ ವೈರ್ ಎಳೆದುಕೊಂಡು ಹೋಗುವುದೂ ಕಷ್ಟ. ಅವರಿಗೆ ಕಾರ್ಡ್‌ಲೆಸ್ಸೇ ಬೇಕು.

ಪ್ಯಾಕ್ ಮೇಲೆ ಬರೆದಿದ್ದು 12 ವೋಲ್ಟ್, 1.3 ಆಂಪಿಯರ್-ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ), ನಿಕಲ್ ಕ್ಯಾಡ್ಮಿಯಂ. ಬಿಚ್ಚಿದರೆ ಒಳಗೆ ಹತ್ತು ಸೆಲ್. ಒಂದೊಂದೂ 1.2 ವೋಲ್ಟ್. ಸಬ್-ಸಿ ಅನ್ನುವ ಅಳತೆ, ಸುಮಾರು 23 ಮಿ.ಮೀ. ದಪ್ಪ, 43 ಮಿ.ಮೀ. ಎತ್ತರ. ಒಂಬತ್ತು ಸೆಲ್ ಕೆಳಗಿನ ಡಬ್ಬಿಯಲ್ಲಿ ಮೂರು ಮೂರರ ಸಾಲಾಗಿ ನಿಂತಿದ್ದವು. ಹತ್ತನೆಯದು ಹಿಡಿಕೆಯೊಳಗೆ ತೂರುವ ಕೊಳವೆಯಲ್ಲಿ. ಕೊಳವೆಯ ನೆತ್ತಿಯ ಮೇಲೆ ಮೂರು ತಾಮ್ರದ ಕಾಂಟ್ಯಾಕ್ಟ್: ಪ್ಲಸ್, ಮೈನಸ್, ಮತ್ತು ಬಿಸಿ ನೋಡುವ ಥರ್ಮೋಸ್ಟಾಟ್‌ನದು. ಈ ಮೂರನೆಯದು ಚಾರ್ಜರ್‌ಗೆ ಮಾತ್ರ ಬೇಕಾದದ್ದು, ಡ್ರಿಲ್‌ಗೆ ಅದರಿಂದ ಕೆಲಸವಿಲ್ಲ.

ಈ ನಿಕಲ್ ಕ್ಯಾಡ್ಮಿಯಂ ಅನ್ನು ಸುಮ್ನೆ ಬೈಯುವ ಹಾಗಿಲ್ಲ. 1961ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಮೊದಲ ಕಾರ್ಡ್‌ಲೆಸ್ ಡ್ರಿಲ್ ತಂದಾಗ ಅದರೊಳಗೆ ಇದ್ದದ್ದು ಇದೇ. ಮಿಲ್ವಾಕಿ 2005ರಲ್ಲಿ 28 ವೋಲ್ಟ್‌ನ ಲಿಥಿಯಂ ಉಪಕರಣ ತರುವವರೆಗೆ ಬಡಗಿ ಕೆಲಸಕ್ಕೆ ಇದನ್ನು ಬಿಟ್ಟರೆ ಇದರ ತಮ್ಮ ನಿಕಲ್ ಮೆಟಲ್ ಹೈಡ್ರೈಡ್, ಅಷ್ಟೇ. ಜಾಸ್ತಿ ಕರೆಂಟ್ ಕೇಳಿದರೂ ತಕರಾರಿಲ್ಲದೆ ಕೊಡುವುದು ಇದರ ಗುಣ. ಆದರೆ ಸುಮ್ನೆ ಇಟ್ಟರೂ ತಿಂಗಳಲ್ಲಿ ಚಾರ್ಜಿನ ಹತ್ತಿಪ್ಪತ್ತು ಪರ್ಸೆಂಟ್ ತಾನಾಗಿ ಇಳಿಯುತ್ತದೆ. ವಯಸ್ಸಾದ ಮೇಲೆ ಸೆಲ್ಲಿನೊಳಗೆ ಸಣ್ಣ ಹರಳು ಬೆಳೆದು ಶಾರ್ಟ್ ಆಗುತ್ತದೆ. ಇದರಲ್ಲೂ ಮೂರು ಸೆಲ್ ಸೊನ್ನೆ ವೋಲ್ಟ್ ತೋರಿಸುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಕೇಡು ಕ್ಯಾಡ್ಮಿಯಂನ ವಿಷ. ಯುರೋಪಿಯನ್ ಒಕ್ಕೂಟ ಕ್ಯಾಡ್ಮಿಯಂ ಬ್ಯಾಟರಿಯ ನಿಷೇಧದಿಂದ ಕಾರ್ಡ್‌ಲೆಸ್ ಉಪಕರಣಗಳಿಗೆ ಕೊಟ್ಟಿದ್ದ ವಿನಾಯಿತಿಯನ್ನು 2016ರ ಕೊನೆಗೆ ನಿಲ್ಲಿಸಿದ್ದು ಅದಕ್ಕೇ.

ಎರಡು ಸೆಲ್ಲಿನ ತುದಿಯಲ್ಲಿ ಬಿಳಿ ಪುಡಿ ಕಟ್ಟಿತ್ತು. ಒಳಗಿನ ಕ್ಷಾರ ಸೋರಿ ಒಣಗಿದ್ದು. ಕೈಗೆ ಗ್ಲೌಸ್ ಹಾಕಿಕೊಂಡು, ಡಬ್ಬಿಯನ್ನು ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ, ನೀರಲ್ಲಿ ತೊಳೆದು ಒಣಗಿಸಿದೆ. ಹಳೆ ಸೆಲ್‌ಗಳನ್ನು ಒಡೆಯಬೇಡಿ, ತೋಟದ ಗುಂಡಿಗೆ ಎಸೆಯಲೂಬೇಡಿ. ನಮ್ಮಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಎಲ್ಲ ಬಗೆಯ ಬ್ಯಾಟರಿಯೂ ಬರುತ್ತದೆ. ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಲು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ತುದಿಗಳಿಗೆ ಟೇಪ್ ಸುತ್ತಿ ಇಟ್ಟೆ.

ಮೂರಾ, ನಾಲ್ಕಾ?

ಲಿಥಿಯಂ ಅಯಾನ್ ಸೆಲ್ ಒಂದಕ್ಕೆ ಹೆಸರಿನ ವೋಲ್ಟೇಜ್ 3.6 ಅಥವಾ 3.7. ತುಂಬಿದಾಗ 4.2. ಸಾಲಾಗಿ ಮೂರು ಹಾಕಿದರೆ ತುಂಬಿದಾಗ 12.6 ವೋಲ್ಟ್, ನಾಲ್ಕು ಹಾಕಿದರೆ 16.8. 14.4 ವೋಲ್ಟ್ ಡ್ರಿಲ್ ಆಗಿದ್ದರೆ ಯೋಚನೆಯೇ ಇಲ್ಲ, ನಾಲ್ಕು ಸರಿಯಾಗಿ ಹೊಂದುತ್ತದೆ. 18 ವೋಲ್ಟ್‌ಗೆ ಐದು. ಕಿರಿಕಿರಿ ಇರುವುದು 12ರಲ್ಲಿ. ಮೂರು ಹಾಕಿದರೆ ಸ್ವಲ್ಪ ಕಮ್ಮಿ ಅನಿಸುತ್ತದೆ, ನಾಲ್ಕು ಹಾಕಿದರೆ ಜಾಸ್ತಿ.

ಆಚಾರ್ರು ನಾಲ್ಕೇ ಇರಲಿ ಅಂದರು. ಜೋರಾಗಿ ತಿರುಗುತ್ತದಲ್ಲ! ನಾನು ಒಪ್ಪಲಿಲ್ಲ. ಕಾರಣ ಮೋಟರ್ ಅಲ್ಲ, ಟ್ರಿಗರ್ ಸ್ವಿಚ್. ವೇಗ ಕಮ್ಮಿ-ಜಾಸ್ತಿ ಮಾಡುವ ಸರ್ಕ್ಯೂಟ್ ಆ ಸ್ವಿಚ್ಚಿನೊಳಗೇ ಇದೆ. ಕರೆಂಟನ್ನು ಚಕಚಕ ಕಡಿದು ಬಿಡುವ ಒಂದು ಮಾಸ್ಫೆಟ್, ಒಂದು ಡಯೋಡ್, ಟ್ರಿಗರ್ ಬಿಟ್ಟಾಗ ಮೋಟರ್ ನಿಲ್ಲಿಸುವ ಬ್ರೇಕ್ ಕಾಂಟ್ಯಾಕ್ಟ್. ವೋಲ್ಟೇಜ್ ಏರಿಸಿದರೆ ಮೋಟರ್ ಸಿಕ್ಕಿಕೊಂಡಾಗ ಎಳೆಯುವ ಕರೆಂಟೂ ಏರುತ್ತದೆ. ಮೊದಲು ಸುಡುವುದು ಈ ಸ್ವಿಚ್. ಹಳೆ ಡ್ರಿಲ್‌ಗೆ ಅದೇ ಅಳತೆಯ ಸ್ವಿಚ್ ಹುಡುಕುವುದು ಬ್ಯಾಟರಿ ಹುಡುಕುವುದಕ್ಕಿಂತ ತಲೆನೋವು.

ಇನ್ನೊಂದು ವಿಷಯ. ಹೆಸರಿನ ವೋಲ್ಟೇಜ್ ನೋಡಿ ಹೋಲಿಸುವುದೇ ತಪ್ಪು ಲೆಕ್ಕ. ನೋಡಬೇಕಾದದ್ದು ಮರದಲ್ಲಿ ಬಿಟ್ ಇಳಿಯುವಾಗ ಎಷ್ಟು ವೋಲ್ಟ್ ಉಳಿಯುತ್ತದೆ ಅನ್ನುವುದು. ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದಾಗ ಈ ಡ್ರಿಲ್ ಖಾಲಿ ತಿರುಗಲು 2 ಆಂಪಿಯರ್ ಹತ್ತಿರ, ಹಲಸಿನ ಹಲಗೆಯಲ್ಲಿ ದಪ್ಪ ಬಿಟ್ ಇಳಿಸುವಾಗ 20ರ ಆಸುಪಾಸು ಎಳೆಯುತ್ತಿತ್ತು. ಆ ಹೊತ್ತಿಗೆ ಹಳೆ ಪ್ಯಾಕ್ 8 ವೋಲ್ಟ್‌ಗೂ ಕೆಳಗೆ ಕುಸಿಯುತ್ತಿತ್ತು. ಒಳ್ಳೆಯ ಲಿಥಿಯಂ ಸೆಲ್ ಮೂರು ಇದ್ದರೆ, ದಾರಿಯಲ್ಲಿ ವೈರು-ಪಟ್ಟಿ ಸರಿಯಾಗಿದ್ದರೆ, 11ರ ಮೇಲೆ ನಿಲ್ಲಿಸಬಹುದು. ಹೊಸ ನಿಕಲ್ ಪ್ಯಾಕೂ ಇಷ್ಟು ಭಾರಕ್ಕೆ ಹೆಚ್ಚುಕಮ್ಮಿ ಅಷ್ಟೇ ಕೊಡುತ್ತಿತ್ತು. ಹಾಗಾಗಿ ಮೂರು.

ಅಂಗಡಿಯಲ್ಲಿ '12 ವೋಲ್ಟ್ ಮ್ಯಾಕ್ಸ್' ಅಂತ ಮಾರುವ ಹೊಸ ಡ್ರಿಲ್‌ಗಳಲ್ಲೂ ಸಾಲಾಗಿ ಮೂರೇ ಸೆಲ್, ಗೊತ್ತಿರಲಿ. ಅದನ್ನೇ ಇನ್ನು ಕೆಲವರು 10.8 ವೋಲ್ಟ್ ಅನ್ನುತ್ತಾರೆ.

ಸೆಲ್

ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಹಳೆ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಚ್ಚಿದ, 18650 ಅನ್ನುವ ಅಳತೆಯ ಲಿಥಿಯಂ ಸೆಲ್ ನನ್ನ ಹತ್ತಿರ ಒಂದು ಡಬ್ಬಿ ಇದೆ. ಟಾರ್ಚ್‌ಗೆ, ಪವರ್ ಬ್ಯಾಂಕ್‌ಗೆ ಚೆನ್ನ. ಡ್ರಿಲ್‌ಗೆ ಬೇಡ. ಅವು ಸುಮಾರು 5 ಆಂಪಿಯರ್‌ವರೆಗೆ ಆರಾಮ, ಅದರ ಮೇಲೆ ಎಳೆದರೆ ವೋಲ್ಟೇಜ್ ಕುಸಿದು ಸೆಲ್ ಬಿಸಿಯಾಗುತ್ತದೆ. ಡ್ರಿಲ್‌ಗೆ ಬೇಕಾದದ್ದು 'ಹೈ ಡ್ರೈನ್' ಸೆಲ್, ಅಂದರೆ ಜಾಸ್ತಿ ಕರೆಂಟ್ ಎಳೆದರೂ ತಡೆಯುವಂಥದ್ದು. 1000 ಎಂಎಎಚ್ ಅಂದರೆ 1 ಆಂಪಿಯರ್-ಅವರ್. ಸ್ಯಾಮ್‌ಸಂಗ್ 25ಆರ್ (2500 ಎಂಎಎಚ್, 20 ಆಂಪಿಯರ್), ಎಲ್‌ಜಿ ಎಚ್‌ಜಿ2 (3000 ಎಂಎಎಚ್, 20 ಆಂಪಿಯರ್), ಮುರಾಟಾ ವಿಟಿಸಿ5ಎ ಇಂಥವು. ನಾನು ತೆಗೆದುಕೊಂಡಿದ್ದು 25ಆರ್.

ಆನ್‌ಲೈನ್‌ನಲ್ಲಿ ಚೆಂದದ ಬಣ್ಣದ ಕವಚದಲ್ಲಿ '6800 ಎಂಎಎಚ್', '9900 ಎಂಎಎಚ್' ಅಂತ ಬರುತ್ತವಲ್ಲ, ಅವು ಪೂರ್ತಿ ಸುಳ್ಳು. ಒಳ್ಳೆಯ ಕಂಪನಿಗಳು ಈ ಅಳತೆಯ ಸೆಲ್ಲಿನಲ್ಲಿ ವರ್ಷಗಟ್ಟಲೆ ಕಷ್ಟಪಟ್ಟು ತುಂಬಿಸಿದ್ದೇ 3500ರ ಹತ್ತಿರ. ನಕಲಿ ಹಿಡಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಸರಿಯಾದ 18650 ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. ಮೂವತ್ತು ಚಿಲ್ಲರೆ ಗ್ರಾಂ ಬಂದರೆ ವಾಪಸ್ ಕಳಿಸಿ. ತೂಕ ಸರಿ ಇದ್ದ ಮಾತ್ರಕ್ಕೆ ಅಸಲಿ ಅನ್ನುವ ಹಾಗಿಲ್ಲ. ಒಳ ರೆಸಿಸ್ಟೆನ್ಸ್ ತೋರಿಸುವ ಮೀಟರ್‌ನಲ್ಲೂ ಎಲ್ಲ ಸೆಲ್ ಹತ್ತಿರ ಹತ್ತಿರ ಬರಬೇಕು.

ಡಬ್ಬಿಯೊಳಗಿನ ಜಾಗದ ಲೆಕ್ಕ ನೋಡಿ ನನಗೇ ಖುಷಿಯಾಯಿತು. ಒಂಬತ್ತು ಸಬ್-ಸಿ ನಿಂತಿದ್ದ ಜಾಗ ಸುಮಾರು 69 ಮಿ.ಮೀ. ಚೌಕ, 43 ಎತ್ತರ. 18650 ಅಂದರೆ 18 ಮಿ.ಮೀ. ದಪ್ಪ, 65 ಉದ್ದ. ನಿಲ್ಲಿಸಿದರೆ ಹಿಡಿಸುವುದಿಲ್ಲ. ಅಡ್ಡ ಮಲಗಿಸಿದರೆ ಮೂರು ಸೆಲ್ 54 ಮಿ.ಮೀ. ಅಗಲ. ಅದರ ಮೇಲೆ ಇನ್ನೂ ಮೂರು ಇಟ್ಟರೆ ಎತ್ತರ 36. ಅಂದರೆ ಆರು ಸೆಲ್ ಹಿಡಿಸುತ್ತದೆ, ಪಕ್ಕದಲ್ಲಿ ರಕ್ಷಣೆಯ ಬೋರ್ಡ್ ನಿಲ್ಲಿಸಲು 15 ಮಿ.ಮೀ. ಸಂದೂ ಉಳಿಯುತ್ತದೆ.

ಮೇಲೊಂದು ಕೆಳಗೊಂದು ಸೇರಿ ಒಂದು ಜೋಡಿ. ಅಂಥ ಮೂರು ಜೋಡಿ ಸಾಲಾಗಿ. ಇದನ್ನು 3ಎಸ್ 2ಪಿ ಅನ್ನುತ್ತಾರೆ: ಸಾಲಾಗಿ (ಸೀರೀಸ್) ಮೂರು, ಪಕ್ಕಪಕ್ಕ (ಪ್ಯಾರಲಲ್) ಎರಡು. 20 ಆಂಪಿಯರ್ ಎಳೆದರೆ ಒಂದೊಂದು ಸೆಲ್ಲಿನ ಪಾಲಿಗೆ 10. ಕುಸಿತವೂ ಕಮ್ಮಿ, ಬಿಸಿಯೂ ಕಮ್ಮಿ. ಒಟ್ಟು 5 ಆಂಪಿಯರ್-ಅವರ್. ತೂಕದಲ್ಲೂ ಹಳೆಯದರ ಅರ್ಧದಷ್ಟೇ.

ಪಟ್ಟಿ, ಬೆಸುಗೆ, ಬೋರ್ಡ್

ಸೆಲ್ಲಿಗೆ ನೇರವಾಗಿ ಸೋಲ್ಡರ್ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಪ್ಲಸ್ ತುದಿಯೊಳಗೆ ಪ್ಲಾಸ್ಟಿಕ್ ಸೀಲ್ ಇರುತ್ತದೆ, ಒತ್ತಡ ಹೆಚ್ಚಾದರೆ ಸಂಪರ್ಕ ತಪ್ಪಿಸುವ ಸಣ್ಣ ಏರ್ಪಾಡೂ ಅಲ್ಲೇ. ಬಿಸಿ ಐರನ್ ಇಟ್ಟರೆ ಎರಡಕ್ಕೂ ಪೆಟ್ಟು. ಒಂದು ಕ್ಷಣ ಜೋರು ಕರೆಂಟ್ ಕೊಟ್ಟು ಪಟ್ಟಿಯನ್ನು ಚುಕ್ಕೆ ಚುಕ್ಕೆಯಾಗಿ ಬೆಸೆಯುವ ಸ್ಪಾಟ್ ವೆಲ್ಡಿಂಗೇ ಸರಿ. ಈಗ ತಾಲ್ಲೂಕು ಊರುಗಳಲ್ಲೂ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ರಿಪೇರಿ ಅಂಗಡಿ ಬಂದಿವೆ. ಅವರ ಹತ್ತಿರ ಮಷಿನ್ ಇರುತ್ತದೆ. ಸೆಲ್‌ಗಳನ್ನು ಜೋಡಿಸುವ ನಿಕಲ್ ಪಟ್ಟಿ ನಾನೇ ಒಯ್ದೆ, ಅಂಗಡಿಯ ಹುಡುಗ ಚಕಚಕ ಹೊಡೆದುಕೊಟ್ಟ.

ಪಟ್ಟಿ ಒಯ್ದಿದ್ದಕ್ಕೂ ಕಾರಣ ಇದೆ. ನಿಕಲ್ ಪಟ್ಟಿ ಅಂತ ಮಾರುವುದರಲ್ಲಿ ಎಷ್ಟೋ ಬರೀ ಉಕ್ಕು, ಮೇಲೆ ನಿಕಲ್ ಲೇಪ. ಉಕ್ಕಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಪಟ್ಟಿಯೇ ಬಿಸಿಯಾಗುತ್ತದೆ. ಅಯಸ್ಕಾಂತದಿಂದ ಗೊತ್ತಾಗಲ್ಲ, ನಿಕಲ್ಲೂ ಅಂಟುತ್ತದೆ. ಗ್ರೈಂಡರ್‌ಗೆ ತಾಗಿಸಿ: ಉಕ್ಕಾದರೆ ಕಿಡಿ ಹಾರುತ್ತದೆ, ನಿಕಲ್ ಆದರೆ ಇಲ್ಲ. ಗೀರಿ ಉಪ್ಪುನೀರಲ್ಲಿ ರಾತ್ರಿಯಿಡೀ ಬಿಟ್ಟರೂ ಸಾಕು, ಉಕ್ಕಿಗೆ ತುಕ್ಕು ಬರುತ್ತದೆ. 8 ಮಿ.ಮೀ. ಅಗಲ, 0.15 ಮಿ.ಮೀ. ದಪ್ಪದ ಪಟ್ಟಿಯನ್ನು ಕರೆಂಟ್ ಹೋಗುವ ಕಡೆಯೆಲ್ಲ ಎರಡು ಪದರ ಹಾಕಿಸಿದೆ. ವೆಲ್ಡ್ ಆದ ಮೇಲೆ ಒಂದು ಚೂರನ್ನು ಇಕ್ಕಳದಲ್ಲಿ ಎಳೆದು ನೋಡಬೇಕು. ಪಟ್ಟಿ ಹರಿದು, ವೆಲ್ಡ್ ಚುಕ್ಕೆ ಸೆಲ್ ಮೇಲೇ ಉಳಿದರೆ ಗಟ್ಟಿ.

ಜೋಡಿ ಕಟ್ಟುವ ಮೊದಲು ಎಲ್ಲ ಸೆಲ್ಲಿನ ವೋಲ್ಟೇಜ್ ಒಂದೇ ಇದೆಯಾ ನೋಡಿ. ಒಂದು 4.1, ಇನ್ನೊಂದು 3.5 ಇದ್ದಾಗ ಪಕ್ಕಪಕ್ಕ ಸೇರಿಸಿದರೆ ಒಂದರಿಂದ ಇನ್ನೊಂದಕ್ಕೆ ಕರೆಂಟ್ ನುಗ್ಗುತ್ತದೆ. ಪ್ಲಸ್ ತುದಿಗೆ ಅಂಟಿನ ಪೇಪರ್ ರಿಂಗ್ ಹಾಕಲೇಬೇಕು. ಸೆಲ್ಲಿನ ಮೈ ಪೂರ್ತಿ ಮೈನಸ್, ಪ್ಲಸ್ ಗುಂಡಿಯ ಭುಜದವರೆಗೂ. ನಡುವೆ ಇರುವುದು ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಮಾತ್ರ. ಡ್ರಿಲ್ ಅದುರುವ ವಸ್ತು, ಪಟ್ಟಿಯ ಅಂಚು ಆ ಪೊರೆ ಕೊರೆಯಲು ತುಂಬಾ ದಿನ ಬೇಡ.

ರಕ್ಷಣೆಗೆ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಬೋರ್ಡ್. ಸೆಲ್ ತೀರಾ ಇಳಿಯುವ ಮೊದಲು, ಅಥವಾ 4.2 ದಾಟಿ ತುಂಬುವ ಮೊದಲು, ಅಥವಾ ಶಾರ್ಟ್ ಆದಾಗ ಇದು ಕಡಿದುಹಾಕುತ್ತದೆ. ಹಳೆ ಡ್ರಿಲ್‌ಗೆ ಬ್ಯಾಟರಿ ಇಳಿದದ್ದು ತಿಳಿಯುವ ಬುದ್ಧಿ ಇಲ್ಲ. ಆದ್ದರಿಂದ ಈ ಬೋರ್ಡ್ ಬೇಕೇ ಬೇಕು. ಬೋರ್ಡಿನ ವೈರ್ ಕಟ್ಟುವಾಗ ಮೈನಸ್ಸಿಂದ ಶುರು ಮಾಡಿ ವೋಲ್ಟೇಜ್, ತುಂಬಿದ ಸೆಲ್ಲಿನ ಲೆಕ್ಕದಲ್ಲಿ, 4.2, 8.4, 12.6 ಅಂತ ಕ್ರಮವಾಗಿ ಏರಬೇಕು. ಕಟ್ಟಿ ಮುಗಿದ ಮೇಲೆ ಔಟ್‌ಪುಟ್ ಸೊನ್ನೆ ತೋರಿಸಿದರೆ ಹೆದರಬೇಡಿ. ಎಷ್ಟೋ ಬೋರ್ಡ್‌ಗಳು ಒಮ್ಮೆ ಚಾರ್ಜರ್ ತಾಗಿಸಿದ ಮೇಲೇ ಎಚ್ಚರವಾಗುವುದು.

ಮೊದಲು ಪರೀಕ್ಷೆಗೆ ಹಾಕಿದ್ದು ಮನೆಯಲ್ಲಿದ್ದ 25 ಆಂಪಿಯರ್ ಬೋರ್ಡ್. ಟ್ರಿಗರ್ ಮೆಲ್ಲಗೆ ಒತ್ತಿದರೆ ತಿರುಗುತ್ತಿತ್ತು, ಒಮ್ಮೆಲೇ ಒತ್ತಿದರೆ 'ಟಕ್' ಅಂತ ನಿಲ್ಲುತ್ತಿತ್ತು. ನಿಂತ ಮೋಟರ್ ಹೊರಡುವ ಕ್ಷಣದಲ್ಲಿ ಬ್ಯಾಟರಿಗೆ ಕಾಣುವುದು ಅದರ ಸುರುಳಿಯ ರೆಸಿಸ್ಟೆನ್ಸ್ ಮಾತ್ರ. ಅದು ತೀರಾ ಕಮ್ಮಿ. ಹಾಗಾಗಿ ಒಂದು ಗಳಿಗೆ ಐವತ್ತು-ಅರವತ್ತು ಆಂಪಿಯರ್ ನುಗ್ಗುತ್ತದೆ, ಬೋರ್ಡ್ ಅದನ್ನು ಶಾರ್ಟ್ ಅಂದುಕೊಳ್ಳುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದ 40 ಆಂಪಿಯರ್ ಬೋರ್ಡ್ ಹಾಕಿದ ಮೇಲೆ ಆ ಕಾಟ ನಿಂತಿತು. ಕೆಲವರು ಮೋಟರ್ ವೈರನ್ನು ಬೋರ್ಡಿಗೆ ಕೊಡದೆ ನೇರ ಸೆಲ್ಲಿಗೆ ಕೊಡುತ್ತಾರೆ, ಚಾರ್ಜಿಂಗ್ ಮಾತ್ರ ಬೋರ್ಡ್ ಮೂಲಕ. ಆಗ ಸೆಲ್ ಇಳಿದರೆ ಕೇಳುವವರೇ ಇಲ್ಲ. ನಾನಂತೂ ಅದನ್ನು ಮಾಡುವುದಿಲ್ಲ.

ನಿಮ್ಮ ಪ್ಯಾಕೂ ಹೀಗೆ ನಿಂತರೆ ಯಾವಾಗ ನಿಲ್ಲುತ್ತದೆ ಗಮನಿಸಿ. ಪೂರ್ತಿ ಚಾರ್ಜ್ ಇದ್ದಾಗಲೇ, ಒತ್ತಿದ ತಕ್ಷಣ ನಿಂತರೆ ಬೋರ್ಡ್ ಸಣ್ಣದು. ಶುರುವಿಗೆ ಚೆನ್ನಾಗಿ ಓಡಿ, ಅರ್ಧ ಖರ್ಚಾದ ಮೇಲೆ ಭಾರ ಬಿದ್ದಾಗ ನಿಂತರೆ ಸೆಲ್ ದುರ್ಬಲ.

ವೈರ್ ಎರಡೂವರೆ ಸ್ಕ್ವೇರ್ ಮಿ.ಮೀ., ಸಿಲಿಕೋನ್ ಹೊದಿಕೆಯದು. ಮನೆ ವೈರಿಂಗಿನದೇ ಹಾಕಬಹುದಿತ್ತು. ಆದರೆ ಅದು ಈ ಇಕ್ಕಟ್ಟಿನಲ್ಲಿ ಬಗ್ಗುವುದಿಲ್ಲ, ಸೋಲ್ಡರ್ ಬಿಸಿಗೆ ಹೊದಿಕೆ ಕರಗುತ್ತದೆ. ಹತ್ತನೇ ಸೆಲ್ ಇದ್ದ ಕೊಳವೆ ಈಗ ಖಾಲಿ. ಅಲ್ಲಿ ಕಾರಿನ 30 ಆಂಪಿಯರ್ ಬ್ಲೇಡ್ ಫ್ಯೂಸ್ ಕೂರಿಸಿದೆ. ಹೊರಡುವಾಗಿನ ಕ್ಷಣದ ಎಳೆತಕ್ಕೆ ಅದು ಜಗ್ಗುವುದಿಲ್ಲ, ಬೋರ್ಡೇ ಕೈಕೊಟ್ಟರೆ ಕಾಯುತ್ತದೆ. ಹಳೆ ಕಾಂಟ್ಯಾಕ್ಟ್ ತಲೆಯನ್ನೇ ಉಳಿಸಿಕೊಂಡು, ಪ್ಲಸ್-ಮೈನಸ್ ಎರಡಕ್ಕೆ ಮಾತ್ರ ವೈರ್ ಕೊಟ್ಟೆ. ಮೂರನೆಯದನ್ನು ಕಿತ್ತೆ.

ಚಾರ್ಜರ್

ಹಳೆ ಚಾರ್ಜರಿನ ವೈರನ್ನು ಮೊದಲೇ ಕತ್ತರಿಸಿಬಿಟ್ಟೆ. ಆಚಾರ್ರ ಮುಖ ಸಣ್ಣದಾಯಿತು, ಆದರೂ ಬಿಡಲಿಲ್ಲ. ಅದು ಬರೀ ಟ್ರಾನ್ಸ್‌ಫಾರ್ಮರ್ ಮತ್ತು ಡಯೋಡ್. ಪ್ಯಾಕ್ ಬಿಸಿಯಾದರೆ ನಿಲ್ಲಿಸು ಅನ್ನುವಷ್ಟೇ ಅದಕ್ಕೆ ಗೊತ್ತು. ಅಳೆದರೆ ಖಾಲಿಯಲ್ಲಿ 18 ವೋಲ್ಟ್ ಮೇಲೆ ತೋರಿಸುತ್ತಿತ್ತು. ಲಿಥಿಯಂಗೆ ಅದನ್ನು ಕೊಟ್ಟರೆ ಬೋರ್ಡ್ ಒಂದೇ ಅಡ್ಡ ನಿಲ್ಲಬೇಕು. ಬೋರ್ಡ್ ಇರುವುದು ಕೊನೆಯ ಕಾವಲಿಗೆ, ದಿನಾ ಚಾರ್ಜ್ ನಿಲ್ಲಿಸುವ ಕೆಲಸಕ್ಕಲ್ಲ.

ಬೇಕಾದದ್ದು 12.6 ವೋಲ್ಟ್, 2 ಆಂಪಿಯರ್‌ನ ಲಿಥಿಯಂ ಚಾರ್ಜರ್. ಮೊದಲು ಕರೆಂಟನ್ನು ಹಿಡಿದಿಟ್ಟು, ಕೊನೆಗೆ ವೋಲ್ಟೇಜ್ ಹಿಡಿದಿಟ್ಟು ತುಂಬಿಸುವಂಥದ್ದು. ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್ ಅಲ್ಲ. ಡಬ್ಬಿಯ ಪಕ್ಕದಲ್ಲಿ ತೂತು ಮಾಡಿ ಡಿಸಿ ಸಾಕೆಟ್ ಕೂರಿಸಿದೆ, ಅದು ಬೋರ್ಡಿನ ಔಟ್‌ಪುಟ್ಟಿಗೇ ಹೋಗುತ್ತದೆ. ಖಾಲಿಯಿಂದ ತುಂಬಲು ಸುಮಾರು ಮೂರು ಗಂಟೆ. ನಾಲ್ಕು ಪಿನ್ನಿನ ಬ್ಯಾಲೆನ್ಸ್ ಕನೆಕ್ಟರನ್ನೂ ಹೊರಗೆ ತಂದಿದ್ದೇನೆ. ಡಬ್ಬಿ ಬಿಚ್ಚದೆ ಮೂರೂ ಜೋಡಿಯ ವೋಲ್ಟೇಜ್ ನೋಡಬಹುದು. ಒಂದು ಜೋಡಿ ಮಾತ್ರ ಹಿಂದೆ ಬೀಳುತ್ತಿದ್ದರೆ ಮೊದಲೇ ಗೊತ್ತಾಗುತ್ತದೆ ಅಲ್ವಾ.

ಮರಕ್ಕೆ ಇಟ್ಟಾಗ

ಹಲಸಿನ ಹಲಗೆಗೆ ಅದೇ ದಪ್ಪ ಬಿಟ್. 20 ಆಂಪಿಯರ್ ಎಳೆತಕ್ಕೆ 12.5 ಇದ್ದದ್ದು 11.3ಕ್ಕೆ ಇಳಿದು ನಿಂತಿತು. ಹೊನ್ನೆ ಮರದಲ್ಲಿ ಉದ್ದ ಸ್ಕ್ರೂ ಇಳಿಸುವಾಗ ಕ್ಲಚ್ ಕಟಕಟ ಅಂದಿತು, ಬೋರ್ಡ್ ಕಡಿಯಲಿಲ್ಲ. ಆಚಾರ್ರು "ಹೊಸದರಲ್ಲೂ ಹಿಂಗೆ ಇರ್ಲಿಲ್ಲ" ಅಂದರು. ಅದು ಖುಷಿಯ ಮಾತು. ನನ್ನ ಲೆಕ್ಕದಲ್ಲಿ ಹೊಸದಿದ್ದಷ್ಟೇ ಇದೆ.

ಆದರೆ ಇದರಿಂದ ಹೊಸ ತೊಂದರೆಯೊಂದು ಬಂತು. ಹಳೆ ಪ್ಯಾಕ್ ಬೇಗ ಸುಸ್ತಾಗುತ್ತಿದ್ದುದರಿಂದ ಮೋಟರ್‌ಗೆ ಬಿಡುವು ತಾನಾಗಿ ಸಿಗುತ್ತಿತ್ತು. ಈಗ ಅದರ ನಾಲ್ಕು ಪಟ್ಟು ಹತ್ತಿರ ಚಾರ್ಜ್ ಇದೆ. ನಿಲ್ಲಿಸದೆ ತೂತು ಹೊಡೆದರೆ ಬ್ಯಾಟರಿ ತಣ್ಣಗಿರುತ್ತದೆ, ಮೋಟರ್ ವಾಸನೆ ಬರುತ್ತದೆ. ಈ ಅಗ್ಗದ ಮೋಟರ್‌ಗಳಲ್ಲಿ ಕಾರ್ಬನ್ ಬ್ರಷ್ ಬದಲಿಸಲೂ ಆಗುವುದಿಲ್ಲ, ಡಬ್ಬಿ ಮುಚ್ಚಿ ಒತ್ತಿರುತ್ತಾರೆ. ಡ್ರಿಲ್ಲಿನ ಮೈಮೇಲೆ ಕೈ ಇಡಿ, ಹಿಡಿಯಲು ಆಗದಷ್ಟು ಬಿಸಿಯಾದರೆ ಎಲೆಅಡಿಕೆ ಹಾಕುವ ಹೊತ್ತು ಬಿಡುವು ಕೊಡಿ ಅಂತ ಆಚಾರ್ರಿಗೆ ಹೇಳಿದ್ದೇನೆ. ಗೇರ್‌ಬಾಕ್ಸ್ ಬಿಚ್ಚಿ ನೋಡಿದರೆ ಗ್ರೀಸ್ ಒಣಗಿ ಮೇಣವಾಗಿತ್ತು. ತೊಳೆದು ಹೊಸದು ತುಂಬಿದ ಮೇಲೆ ಖಾಲಿ ಓಟದ ಕರೆಂಟ್ ಸ್ವಲ್ಪ ಇಳಿಯಿತು.

ಪ್ಯಾಕ್ ಹಗುರಾಗಿದ್ದರಿಂದ ಡ್ರಿಲ್ ಈಗ ನೆಟ್ಟಗೆ ನಿಲ್ಲುವುದಿಲ್ಲ, ಮೂತಿಯ ಕಡೆ ವಾಲುತ್ತದೆ. ಚಪ್ಪರದ ಮೇಲೆ ಕೈ ನೋಯುವುದಿಲ್ಲವಲ್ಲ, ಅಡ್ಡ ಮಲಗಿಸಿಟ್ಟರಾಯಿತು.

ಖರ್ಚಿನ ಮಾತು. ಸೆಲ್, ಬೋರ್ಡ್, ಚಾರ್ಜರ್, ವೆಲ್ಡಿಂಗ್ ಎಲ್ಲ ಸೇರಿ ಮೂರು ಸಾವಿರಕ್ಕೆ ಸ್ವಲ್ಪ ಕಮ್ಮಿ. ಹೊಸ 12 ವೋಲ್ಟ್ ಡ್ರಿಲ್ ಇದಕ್ಕಿಂತ ತುಂಬಾ ದೂರವೇನಿಲ್ಲ. ಬರೀ ದುಡ್ಡು ಉಳಿಸಲು ಮಾಡುವ ಕೆಲಸ ಇದಲ್ಲ. ಡ್ರಿಲ್ಲಿನ ಚಕ್ ಅಲ್ಲಾಡುತ್ತಿದ್ದರೆ, ಗೇರ್ ಗರಗರ ಅನ್ನುತ್ತಿದ್ದರೆ ಗುಜರಿಗೆ ಕೊಡಿ. 18 ವೋಲ್ಟ್ ಉಪಕರಣ ಇದ್ದವರು ಸೆಲ್ ಕಟ್ಟುವ ಮೊದಲು ಅಡಾಪ್ಟರ್ ಸಿಗುತ್ತದಾ ನೋಡಿ. ಡಿವಾಲ್ಟ್‌ನವರೇ ಹಳೆ 18 ವೋಲ್ಟ್ ಉಪಕರಣಕ್ಕೆ ಈಗಿನ ಲಿಥಿಯಂ ಪ್ಯಾಕ್ ಹಾಕಲು ಡಿಸಿಎ1820 ಅನ್ನುವ ಅಡಾಪ್ಟರ್ ಮಾಡಿದ್ದರು. ರಯೋಬಿಯ ಒನ್ ಪ್ಲಸ್ ಸಾಲಿನಲ್ಲಿ 1996ರ ಉಪಕರಣಕ್ಕೂ ಇವತ್ತಿನ ಲಿಥಿಯಂ ಪ್ಯಾಕ್ ನೇರವಾಗಿ ಕೂರುತ್ತದೆ. ಬೇರೆಯವರು ಮಾಡಿದ, ಬರೀ ಪ್ಲಾಸ್ಟಿಕ್ ಮತ್ತು ಎರಡು ತಗಡಿನ ಅಡಾಪ್ಟರ್ ಆದರೆ ಹುಷಾರು. ಹಲವು ಕಂಪನಿಗಳ ಪ್ಯಾಕ್‌ನಲ್ಲಿ ಚಾರ್ಜ್ ಇಳಿದಾಗ ನಿಲ್ಲಿಸುವ ಕೆಲಸ ಉಪಕರಣದ್ದು, ಪ್ಯಾಕಿನದ್ದಲ್ಲ. ಹಳೆ ಉಪಕರಣಕ್ಕೆ ಅದು ಗೊತ್ತಿಲ್ಲದ ಕಾರಣ ಸೆಲ್ ಕೊನೆಯ ಹನಿಯವರೆಗೂ ಖಾಲಿಯಾಗುತ್ತದೆ.

ಡಬ್ಬಿಯ ಬೆನ್ನಿಗೆ ಒಂದು ಸಣ್ಣ ವೋಲ್ಟ್ ಮೀಟರನ್ನೂ, ಅದಕ್ಕೆ ಒತ್ತುಗುಂಡಿಯನ್ನೂ ಹಾಕಿದ್ದೇನೆ. ಯಾವಾಗಲೂ ಉರಿಯುತ್ತಿದ್ದರೆ ಅದೇ ಬ್ಯಾಟರಿ ತಿನ್ನುತ್ತದೆ. ಪಕ್ಕದಲ್ಲಿ ಮಾರ್ಕರ್‌ನಿಂದ ಬರೆದದ್ದು ಇಷ್ಟು: 12.6 ತುಂಬಿದೆ, 11 ಅರ್ಧ, 10 ಚಾರ್ಜಿಗೆ ಹಾಕಿ. ಕೆಲಸ ಇಲ್ಲದೆ ತಿಂಗಳುಗಟ್ಟಲೆ ಇಡುವಾಗ ಅರ್ಧಕ್ಕೆ ಬಿಟ್ಟು ಇಡಬೇಕು, ತುಂಬಿಸಿ ಇಡಬಾರದು. ಆಚಾರ್ರು ಈಗ ಸತ್ತ ಇನ್ನೊಂದು ಪ್ಯಾಕನ್ನೂ ತಂದು ಬೆಂಚಿನ ಮೇಲೆ ಇಟ್ಟು ಹೋಗಿದ್ದಾರೆ. ಅದರ ಕೊಳವೆ ಸೀಳಿದೆ. ಮೊದಲು ಪ್ಲಾಸ್ಟಿಕ್ ಅಂಟಿಸಬೇಕು.